ತುಂಗಾ–ಭದ್ರಾ ಕಣಿವೆಯಲ್ಲಿ ಗಾಡಿ ಕಾಟ ಕಡಿಮೆ ಇರುವ ಸೈಕಲ್ ದಾರಿ: ಶೃಂಗೇರಿ–ಕಳಸ–ಕುದುರೆಮುಖ, ಮೂರು ದಿನ

ಹಬ್_ಬೇರಿಂಗ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ವಾರ ನಾವಿಬ್ಬರು ಬೆಂಗಳೂರಿನಿಂದ ಬಂದು ಮೂರು ದಿನ ಸೈಕಲ್ ಹೊಡೆಯುವ ಯೋಚನೆ. ಹಾಕಿಕೊಂಡಿರುವ ದಾರಿ: ಶೃಂಗೇರಿ, ಕೆರೆಕಟ್ಟೆ, ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ), ಕುದುರೆಮುಖ, ಕಳಸ, ಮಾಗುಂಡಿ, ಬಾಳೆಹೊನ್ನೂರು, ಜಯಪುರ, ಮತ್ತೆ ಶೃಂಗೇರಿ. ಮ್ಯಾಪಿನಲ್ಲಿ 155 ಕಿ.ಮೀ. ಆಸುಪಾಸು ತೋರಿಸುತ್ತದೆ. ದೂರ ಜಾಸ್ತಿ ಅಲ್ಲ, ಆದರೆ ನಮಗೆ ಬೇಕಾಗಿರುವುದು ಗದ್ದಲ ಇಲ್ಲದ ರಸ್ತೆ. ಹಿಂದಿನಿಂದ ಹಾರನ್ ಹೊಡೆಯುತ್ತಾ ಬರುವ ಟೆಂಪೋ ಟ್ರಾವೆಲರ್ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ನನ್ನದು ಅಲ್ಯುಮಿನಿಯಂ ರೋಡ್ ಬೈಕ್, 700x32 ಟಯರ್, ಗೇರಿನ ಹಲ್ಲು ಮುಂದೆ 50/34, ಹಿಂದೆ 11–28, ಕೇಬಲ್ ಎಳೆಯುವ ಮೆಕ್ಯಾನಿಕಲ್ ಡಿಸ್ಕ್ ಬ್ರೇಕ್. ಗೆಳೆಯನದು ಹಳೆಯ ರಿಮ್ ಬ್ರೇಕ್ ಸೈಕಲ್, 28ರ ಟಯರ್. ತಲಾ 6 ಕೆ.ಜಿ. ಸಾಮಾನು. ರಾತ್ರಿ ತಂಗಲು ಕಳಸ ಇಟ್ಟುಕೊಂಡಿದ್ದೇವೆ. ಈ ಸುತ್ತನ್ನು ಯಾವ ದಿಕ್ಕಿನಲ್ಲಿ ಹೋಗಬೇಕು, ಎಲ್ಲಿ ಒಳರಸ್ತೆ ಹಿಡಿಯಬಹುದು, ಈ ಗೇರು ಸಾಕೇ, ಕಾಡಿನೊಳಗೆ ಏನು ನೋಡಿಕೊಳ್ಳಬೇಕು, ಗೊತ್ತಿದ್ದವರು ದಯವಿಟ್ಟು ಹೇಳಿ.


ಸಂಸೆ_ಏರು

ದಿಕ್ಕು ತಿರುಗಿಸಿ ಮಾರಾಯ್ರೆ. ಮೊದಲು ಕಳಸ, ಆಮೇಲೆ ಕುದುರೆಮುಖ, ಕೊನೆಯ ದಿನ ಕೆರೆಕಟ್ಟೆ ಮೇಲೆ ಶೃಂಗೇರಿ. ಭದ್ರೆಯ ಜೊತೆ ಹತ್ತಿ ತುಂಗೆಯ ಜೊತೆ ಇಳಿಯುವುದು. ಎರಡೂ ನದಿ ಹುಟ್ಟುವುದು ಗಂಗಾಮೂಲದಲ್ಲಿ, ಅದು ಕುದುರೆಮುಖ ಮತ್ತು ಎಸ್.ಕೆ. ಬಾರ್ಡರ್ ನಡುವಿನ ಕಾಡು. ನೇತ್ರಾವತಿ ಹುಟ್ಟುವುದೂ ಅಲ್ಲೇ ಎನ್ನುತ್ತಾರೆ, ಆದರೆ ಅದು ಪಡುವಣಕ್ಕೆ ಹೋಯಿತು.

ಹೀಗೆ ಹೇಳುವುದಕ್ಕೆ ಕಾರಣ ಇದೆ. ನಿಮ್ಮ ಸುತ್ತಿನಲ್ಲಿ ಗಾಡಿ ಜಾಸ್ತಿ ಇರುವ ತುಂಡು ಎಂದರೆ ಶೃಂಗೇರಿ–ಕೆರೆಕಟ್ಟೆ–ಎಸ್.ಕೆ. ಬಾರ್ಡರ್. ಅದು ರಾಷ್ಟ್ರೀಯ ಹೆದ್ದಾರಿ 169, ಮಂಗಳೂರು–ಶಿವಮೊಗ್ಗ ರಸ್ತೆ. ಸುಮಾರು 35 ಕಿ.ಮೀ. ಬದಲಿ ದಾರಿ ಇಲ್ಲ. ನೀವು ಹಾಕಿಕೊಂಡ ದಿಕ್ಕಿನಲ್ಲಿ ಅದು ಒಟ್ಟಾರೆ ಏರು. ಸಾಮಾನು ಹೇರಿಕೊಂಡು ಗಂಟೆಗೆ 12 ಕಿ.ಮೀ. ಸರಾಸರಿ ಹಿಡಿದರೂ ಮೂರು ಗಂಟೆ ಹೆದ್ದಾರಿಯ ಮೇಲೆ ಇರುತ್ತೀರಿ. ತಿರುಗಿಸಿ ಬಂದರೆ ಅದೇ 35 ಕಿ.ಮೀ. ಒಂದೂವರೆ ಗಂಟೆ. ನಿಮ್ಮನ್ನು ಹಿಂದೆ ಹಾಕುವ ಗಾಡಿಗಳ ಲೆಕ್ಕ ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತದೆ, ಯಾಕೆಂದರೆ ಸಮಯವೂ ಕಡಿಮೆ, ನಿಮಗೂ ಗಾಡಿಗೂ ಇರುವ ವೇಗದ ಅಂತರವೂ ಕಡಿಮೆ.

ಮೊದಲ ದಿನ ಜಯಪುರದವರೆಗೆ ನಿಮ್ಮ ದಾರಿಯೇ ಸರಿ. ಅಲ್ಲಿಂದ ಬಾಳೆಹೊನ್ನೂರಿಗೆ ಹೋಗದೆ ಬಸರೀಕಟ್ಟೆ ಕಡೆ ತಿರುಗಿ. ಬಾಳೆಹೊನ್ನೂರು–ಮಾಗುಂಡಿ–ಕಳಸ ಎಂಬುದು ಹೊರನಾಡಿಗೆ ಹೋಗುವ ಬಸ್ಸು, ಕಾರುಗಳ ದಾರಿ. ಬಸರೀಕಟ್ಟೆ ಮೇಲಿನದು ದೂರದಲ್ಲಿ ಕಡಿಮೆ, ಏರಿಳಿತದಲ್ಲಿ ಜಾಸ್ತಿ, ಅಗಲ ಕಿರಿದು. ಎದುರಿಗೆ ಬಸ್ಸು ಬಂದರೆ ಇಳಿದು ಚರಂಡಿ ಅಂಚಿಗೆ ನಿಲ್ಲಬೇಕು. ಆದರೆ ಬಸ್ಸು ಬರುವುದೇ ಅಪರೂಪ. ಬಾಳೆಹೊನ್ನೂರು ನೋಡಲೇಬೇಕು ಎಂದಿದ್ದರೆ ವಾರದ ನಡುವೆ ಹೋಗಿ.

ವಾರ ಮುಖ್ಯ, ದಾರಿಗಿಂತಲೂ ಮುಖ್ಯ. ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆವರೆಗೆ ಹೊರನಾಡು ಮತ್ತು ಶೃಂಗೇರಿಯ ಯಾತ್ರಿಕರು, ಸಂಸೆಯಿಂದ ಮುಳ್ಳೋಡಿ ಕಡೆ ಚಾರಣಕ್ಕೆ ಹೋಗುವವರ ಜೀಪುಗಳು. ಇದೇ ರಸ್ತೆ ಮಂಗಳವಾರ ಬಂದರೆ ಬೇರೆ ಊರಿನ ರಸ್ತೆ ಅನ್ನಿಸುತ್ತದೆ. ಮಂಗಳ, ಬುಧ, ಗುರು ಇಟ್ಟುಕೊಳ್ಳಿ. ಡಿಸೆಂಬರ್ 20 ದಾಟಿದರೆ ವರ್ಷಾಂತ್ಯದ ರಜೆಯ ಗಾಡಿಗಳು ಶುರುವಾಗುತ್ತವೆ, ಎರಡನೇ ವಾರವೇ ಸರಿ.

ಎರಡನೇ ದಿನ ಸಾಮಾನು ಕಳಸದಲ್ಲೇ ಬಿಟ್ಟು ಹೊರನಾಡಿಗೆ ಹೋಗಿ ಬನ್ನಿ, ಒಂದು ದಿಕ್ಕಿಗೆ 8 ಕಿ.ಮೀ. ಮಧ್ಯಾಹ್ನ ಅನ್ನಪೂರ್ಣೇಶ್ವರಿಯಲ್ಲಿ ಊಟ ಎಲ್ಲರಿಗೂ ಇದೆ. ಗಂಡಸರು ಅಂಗಿ ತೆಗೆಯಬೇಕು, ಸೈಕಲ್ ಚಡ್ಡಿಯಲ್ಲಿ ಒಳಗೆ ಹೋಗುವುದು ಬೇಡ. ತೆಳುವಾದ ಪಂಚೆ ಮತ್ತು ಶಲ್ಯ ಒಂದು ಇದ್ದರೆ ಎಲ್ಲ ಕಡೆ ಆಗುತ್ತದೆ, ತೂಕ 300 ಗ್ರಾಂ ಇಲ್ಲ. ಸಂಜೆ ಕಾಲು ಬಾಕಿ ಇದ್ದರೆ ಸಂಸೆವರೆಗೆ ಹೋಗಿ ಚಹಾ ತೋಟ ನೋಡಿ ಹಿಂದೆ ಬನ್ನಿ.

ಮೂರನೇ ದಿನ ಕಳಸ–ಸಂಸೆ–ಕುದುರೆಮುಖ 20 ಕಿ.ಮೀ. ಚಿಲ್ಲರೆ, ಅಲ್ಲಿಂದ ಎಸ್.ಕೆ. ಬಾರ್ಡರ್ ಇನ್ನೊಂದು ಅಷ್ಟು, ಆಮೇಲೆ ಹೆದ್ದಾರಿ. ಒಟ್ಟು 80ರ ಹತ್ತಿರ. ನನ್ನ ಲೆಕ್ಕದಲ್ಲಿ ಇಡೀ ಸುತ್ತಿನಲ್ಲಿ ಒಳ್ಳೆಯ ಸವಾರಿ ಕುದುರೆಮುಖದಿಂದ ಎಸ್.ಕೆ. ಬಾರ್ಡರ್‌ವರೆಗಿನದ್ದೇ. ಶೋಲೆ ಕಾಡು, ಹುಲ್ಲುಗಾವಲು, ರಸ್ತೆ ಬದಿಗೇ ಕಡಾಂಬಿ ಅಬ್ಬಿ (ಜಲಪಾತ). ಕುದುರೆಮುಖದ ಕಬ್ಬಿಣದ ಗಣಿ 2005ರ ಕೊನೆಗೆ ನಿಂತಿತು, ಊರು ಬಹುಪಾಲು ಖಾಲಿ. ಗಣಿ ನಡೆಯುತ್ತಿದ್ದ ಕಾಲದಲ್ಲೂ ಅದಿರು ಲಾರಿಯಲ್ಲಿ ಹೋಗುತ್ತಿರಲಿಲ್ಲ, ರಾಡಿ ಮಾಡಿ 67 ಕಿ.ಮೀ. ಪೈಪಿನಲ್ಲಿ ಪಣಂಬೂರಿಗೆ ಬಿಡುತ್ತಿದ್ದರು.


ಕಡ್ಡಿ_ಚಕ್ರ

ದಾರಿಯ ಬಗ್ಗೆ ಸಂಸೆಯವರು ಹೇಳಿದ್ದಕ್ಕೆ ನನ್ನ ಸಹಮತ ಇದೆ. ಗೇರಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಅತಿ ಹಗುರ ಗೇರು 34–28 (ಮುಂದೆ 34 ಹಲ್ಲು, ಹಿಂದೆ 28) ಸಾಲದು.

ಕಣಿವೆ ರಸ್ತೆ ಎಂದ ಕೂಡಲೇ ನದಿ ಪಕ್ಕದ ಸಪಾಟು ರಸ್ತೆ ಅಂತ ತಿಳಿಯಬೇಡಿ. ಮಲೆನಾಡಿನಲ್ಲಿ ರಸ್ತೆ ನದಿಯ ದಂಡೆ ಹಿಡಿದು ಹೋಗುವುದು ಕಡಿಮೆ. ಗುಡ್ಡದ ಒಂದು ಏಣು ಹತ್ತುತ್ತದೆ, ಹಳ್ಳದ ಮೋರಿಗೆ ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಒಂದೊಂದು ಏರು ನೋಡಿದರೆ 30–60 ಮೀಟರ್, ಲೆಕ್ಕಕ್ಕೇ ಇಲ್ಲ ಅನ್ನಿಸುತ್ತದೆ. ಅಂಥವು ಇಪ್ಪತ್ತು ಆದಾಗ ತೊಡೆ ಹೇಳುತ್ತದೆ. ಮ್ಯಾಪ್ ತೋರಿಸುವ ಒಟ್ಟು ಏರಿಕೆಯನ್ನೂ ಪೂರ್ತಿ ನಂಬಬೇಡಿ, ಇಂಥ ಸಣ್ಣ ಉಬ್ಬುತಗ್ಗುಗಳನ್ನು ಅದು ಸವರಿಬಿಡುತ್ತದೆ. ಮರದ ನೆರಳಿನಲ್ಲಿ ಜಿಪಿಎಸ್ ಎತ್ತರ ಕೂಡ ಕುಣಿಯುತ್ತದೆ. ಗಾಳಿ ಒತ್ತಡ ಅಳೆಯುವ ಸೈಕಲ್ ಕಂಪ್ಯೂಟರ್ ಇದ್ದರೆ ಅದರ ಲೆಕ್ಕ ವಾಸಿ.

ಈಗ ಅಂಕಿ. ನೀವು 68 ಕೆ.ಜಿ., ಸೈಕಲ್ 11, ಸಾಮಾನು 6, ಒಟ್ಟು 85 ಕೆ.ಜಿ. ಅನ್ನೋಣ. 10% ಏರು. 32ರ ಟಯರಿನ ಸುತ್ತಳತೆ ಸುಮಾರು 2.15 ಮೀಟರ್. ಪೆಡಲ್ ನಿಮಿಷಕ್ಕೆ 60 ಸುತ್ತು ತಿರುಗಬೇಕಾದರೆ:

34–28: ಗಂಟೆಗೆ 9.4 ಕಿ.ಮೀ., ಬೇಕಾದ ಶಕ್ತಿ 235 ವ್ಯಾಟ್ ಆಸುಪಾಸು.
34–34: 7.7 ಕಿ.ಮೀ., 190–200 ವ್ಯಾಟ್.
30–34: 6.8 ಕಿ.ಮೀ., 170 ವ್ಯಾಟ್.

235 ವ್ಯಾಟ್ ಅನ್ನು ಐದು ನಿಮಿಷ ಬಹಳ ಜನ ಕೊಡುತ್ತಾರೆ, ಮೂರು ದಿನ ಪ್ರತಿ ಏರಿಗೂ ಕೊಡಲಾಗದು. ಆಗ ಪೆಡಲ್ 40 ಸುತ್ತಿಗೆ ಇಳಿಯುತ್ತದೆ, ಭಾರ ಎಲ್ಲ ಮಂಡಿಗೆ ಬೀಳುತ್ತದೆ. ತೋಟದ ಒಳರಸ್ತೆಗಳಲ್ಲಿ 12–14% ತುಂಡುಗಳೂ ಸಿಗುತ್ತವೆ.

ಹಿಂದೆ 11–34 ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಗಾಲಿಗಳ ಗೊಂಚಲು) ಹಾಕಿಸಿ. ಹಾಕಿಸುವ ಮುಂಚೆ ಎರಡು ನೋಡಿ. ಒಂದು, ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲಿನಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಉದ್ದ ಕೇಜಿನದಾಗಿರಬೇಕು, ಕೇಜ್ ಎಂದರೆ ಅದರ ಎರಡು ಪುಲ್ಲಿ ಇರುವ ತೋಳು. ಗಿಡ್ಡ ಕೇಜಿನದು 34 ಹಲ್ಲನ್ನು ಹೊರುವುದಿಲ್ಲ, ಮೇಲಿನ ಪುಲ್ಲಿ ಕ್ಯಾಸೆಟ್ಟಿಗೆ ಉಜ್ಜುತ್ತದೆ. ಎರಡು, ಹಳೆಯ ಚೈನ್ ಅನ್ನೇ ಮುಂದುವರಿಸಬೇಡಿ, 28ಕ್ಕೆ ಕತ್ತರಿಸಿದ ಚೈನ್ 34ಕ್ಕೆ ಗಿಡ್ಡ ಆಗುತ್ತದೆ. ಸ್ಟ್ಯಾಂಡಿನ ಮೇಲೆ ಮುಂದೆ 50, ಹಿಂದೆ 34 ಹಾಕಿ ನೋಡಿ. ಕೇಜ್ ಪೂರ್ತಿ ಮುಂದಕ್ಕೆ ಎಳೆದು ಬಿಗಿಯಾಗಿ ನಿಂತರೆ ಇನ್ನೂ 2–4 ಕೊಂಡಿ ಬೇಕು ಅಂತ ಅರ್ಥ. ಇದನ್ನು ನೋಡದೆ ಹೊರಟು ದಾರಿಯಲ್ಲಿ ಆ ಗೇರು ಅಕಸ್ಮಾತ್ ಬಿದ್ದರೆ ಡಿರೇಲರ್ ಹ್ಯಾಂಗರ್ (ಡಿರೇಲರನ್ನು ಫ್ರೇಮಿಗೆ ಹಿಡಿಸುವ ತುಂಡು) ಮುರಿಯುತ್ತದೆ. ಹ್ಯಾಂಗರ್ ಪ್ರತಿ ಫ್ರೇಮಿಗೂ ಬೇರೆ, ಕೊಪ್ಪದಲ್ಲೂ ಸಿಗದು, ಕಳಸದಲ್ಲೂ ಸಿಗದು. ಹೆಚ್ಚುವರಿ ಒಂದು ಚೀಲದಲ್ಲಿರಲಿ.

ಬ್ರೇಕು. ಇಳಿಜಾರಿನಲ್ಲಿ ಉದ್ದಕ್ಕೂ ಮೆತ್ತಗೆ ಹಿಡಿದುಕೊಂಡೇ ಬರುವುದು ತಪ್ಪು ವಿಧಾನ, ಬಿಸಿ ಆರಲು ಸಮಯವೇ ಸಿಗುವುದಿಲ್ಲ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಪೂರ್ತಿ ಬಿಡಿ. ಗೆಳೆಯರ ರಿಮ್ ಬ್ರೇಕಿಗೆ ಇದು ಇನ್ನೂ ಮುಖ್ಯ. ಬೆಳಗ್ಗೆ ಮಂಜಿನಲ್ಲಿ ರಿಮ್ ಒದ್ದೆಯಾಗಿರುತ್ತದೆ, ಮೊದಲ ಒಂದೆರಡು ಸುತ್ತು ನೀರು ಒರೆಸುವುದಕ್ಕೇ ಹೋಗುತ್ತದೆ, ಹಿಡಿತ ಬರುವುದು ಅದಾದ ಮೇಲೆ. ಪ್ಯಾಡಿನಲ್ಲಿ ಕಲ್ಲಿನ ಚೂರು ಕಚ್ಚಿಕೊಂಡು ಕರಕರ ಸದ್ದು ಬಂದರೆ ಅಲ್ಲೇ ನಿಲ್ಲಿಸಿ ಪಿನ್ನಿನಿಂದ ಕಿತ್ತು ತೆಗೆಯಿರಿ, ಇಲ್ಲದಿದ್ದರೆ ರಿಮ್ ಕೊರೆಯುತ್ತದೆ. ನಿಮ್ಮ ಮೆಕ್ಯಾನಿಕಲ್ ಡಿಸ್ಕಿನಲ್ಲಿ ಪ್ಯಾಡ್ ಸವೆದಂತೆ ಲಿವರ್ ಹ್ಯಾಂಡಲಿನ ಹತ್ತಿರ ಬರುತ್ತದೆ. ಎರಡನೇ ದಿನ ರಾತ್ರಿ ಕೇಬಲ್ ಬಿಗಿ ಮಾಡಿ, ಒಳಗಡೆಯ ಪ್ಯಾಡನ್ನು ಅದರ ಸ್ಕ್ರೂ ತಿರುಗಿಸಿ ರೋಟರ್ (ಡಿಸ್ಕ್ ತಟ್ಟೆ) ಹತ್ತಿರ ತನ್ನಿ. ಹೊರಡುವಾಗಲೇ ಪ್ಯಾಡ್ 1 ಮಿ.ಮೀ.ಗಿಂತ ತೆಳ್ಳಗಿದ್ದರೆ ಹೊಸದು ಹಾಕಿ.

ಗಾಳಿ: 32ರ ಟಯರಿಗೆ ಮುಂದೆ 50, ಹಿಂದೆ 58 ಪಿಎಸ್‌ಐ ಸಾಕು. 28ಕ್ಕೆ 65 ಮತ್ತು 75. ಗಟ್ಟಿ ತುಂಬಿಸಿದರೆ ಮುರಿದ ಡಾಂಬರಿನಲ್ಲಿ ಸೈಕಲ್ ಕುಣಿಯುತ್ತದೆ ಹೊರತು ಓಡುವುದಿಲ್ಲ.


ಹಾಳೆ_ಟೋಪಿ

ಕಾಡಿನ ಭಾಗದ ಬಗ್ಗೆ ಬರೆಯುತ್ತೇನೆ.

ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಹೋಗುವ ಗಾಡಿಗಳಿಗೆ ಗೇಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ, ಆಚೆ ಗೇಟಿನಲ್ಲಿ ಅದನ್ನು ನೋಡುತ್ತಾರೆ. ನಡುವೆ ನಿಂತು ಕಾಲ ಕಳೆಯಬಾರದು ಎಂಬುದು ಉದ್ದೇಶ. ಆ ಲೆಕ್ಕ ಕಾರಿನದು, ಸೈಕಲ್ಲಿಗೆ ಹೊಂದುವುದಿಲ್ಲ. ಗೇಟಿನಲ್ಲೇ ವಿನಯವಾಗಿ ಹೇಳಿ, ಸೈಕಲ್ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಹಿಂದಿನ ದಿನ ಕಳಸದಲ್ಲಿ ತಂಗಿದ ಮನೆಯವರಿಂದ ಒಮ್ಮೆ ವಿಚಾರಿಸಿಕೊಂಡರೆ ಇನ್ನೂ ಒಳ್ಳೆಯದು, ನಿಯಮ ಆಗಾಗ ಬದಲಾಗುತ್ತದೆ. ಆ ದಿನಗಳಲ್ಲಿ ಸೂರ್ಯ ಹುಟ್ಟುವುದು 6:45ರ ಹೊತ್ತಿಗೆ, ಮುಳುಗುವುದು 6 ದಾಟಿ ಐದು ನಿಮಿಷಕ್ಕೆ. ಕಳಸ 7ಕ್ಕೆ ಬಿಡಿ, ಮಧ್ಯಾಹ್ನ 12ರೊಳಗೆ ಎಸ್.ಕೆ. ಬಾರ್ಡರ್ ದಾಟಿ. ಕತ್ತಲೆಯಲ್ಲಿ ಕಾಡಿನೊಳಗೆ ಉಳಿಯುವಂತೆ ಆಗಬಾರದು.

ಕುದುರೆಮುಖ ಬಿಟ್ಟ ಮೇಲೆ ಕೆರೆಕಟ್ಟೆವರೆಗೆ ಅಂಗಡಿಯನ್ನು ನೆಚ್ಚಿಕೊಳ್ಳಬೇಡಿ. ಇಬ್ಬರಿಗೂ ತಲಾ ಎರಡು ಲೀಟರ್ ನೀರು, ತಿನ್ನಲು ಬಾಳೆಹಣ್ಣು, ಚಿಕ್ಕಿ. ಮೊಬೈಲ್ ಸಿಗ್ನಲ್ ಕಾಡಿನಲ್ಲಿ ಇರುವುದಿಲ್ಲ, ದಾರಿಯ ಮ್ಯಾಪನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಯಾವ ಹೊತ್ತಿಗೆ ಎಲ್ಲಿ ತಲುಪುತ್ತೀರಿ ಎಂದು ಶೃಂಗೇರಿಯ ವಸತಿಯವರಿಗೆ ಹೇಳಿಡಿ.

ಕಾಟಿ (ಕಾಡುಕೋಣ) ರಸ್ತೆಯಲ್ಲಿ ನಿಂತಿದ್ದರೆ ನೀವೂ ನಿಲ್ಲಿ. ಬೆಲ್ ಹೊಡೆಯುವುದು, ಪಕ್ಕದಲ್ಲಿ ನುಗ್ಗುವುದು ಬೇಡ, ಅದು ತಾನಾಗಿ ದಾಟುವವರೆಗೆ ಕಾಯಿರಿ. ಸೈಕಲ್ಲಿಗೆ ಸದ್ದಿಲ್ಲ, ಅದೇ ಅಪಾಯ. ತಿರುವಿನಾಚೆ ಇರುವ ಪ್ರಾಣಿಗೆ ನೀವು ಬರುವುದು ಗೊತ್ತಾಗುವುದಿಲ್ಲ. ಕುರುಡು ತಿರುವಿಗೆ ಮುಂಚೆ ಇಬ್ಬರೂ ಮಾತಾಡುತ್ತಾ ಬನ್ನಿ. ಬಾಳೆಹೊನ್ನೂರು, ಕೊಪ್ಪ ಸೀಮೆಯಲ್ಲಿ ಆನೆ ಓಡಾಟದ ಸುದ್ದಿ ಇದ್ದರೆ ಬೆಳಗಿನ ಮಂಜು ಕರಗುವವರೆಗೆ ಹೊರಡಬೇಡಿ, ಚಹಾ ಅಂಗಡಿಯಲ್ಲಿ ಕೇಳಿದರೆ ನಿಖರವಾಗಿ ಹೇಳುತ್ತಾರೆ.

ಹೊರಗಿನವರು ಸಾಮಾನ್ಯವಾಗಿ ಬಿಟ್ಟುಬಿಡುವ ವಿಷಯ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲೂ ಇದೆ. ಹರಡುವುದು ಉಣುಗಿನಿಂದ. ನವೆಂಬರ್–ಡಿಸೆಂಬರಿನಿಂದ ಮೇವರೆಗೆ ಅದರ ಕಾಲ, ನೀವು ಬರುವುದು ಸರಿಯಾಗಿ ಅದರ ಆರಂಭಕ್ಕೆ. ರಸ್ತೆಯ ಮೇಲೆ ಸೈಕಲ್ ಹೊಡೆಯುವುದರಿಂದ ಏನಾಗುವುದಿಲ್ಲ. ದಣಿವಾಯಿತೆಂದು ಕಾಡಿನ ಅಂಚಿನ ತರಗೆಲೆಯ ಮೇಲೆ ಕೂರುವುದು, ಪೊದೆಯೊಳಗೆ ಮೂತ್ರಕ್ಕೆ ಹೋಗುವುದು, ಸೈಕಲ್ಲನ್ನು ತರಗಿನ ಮೇಲೆ ಮಲಗಿಸುವುದು, ಇದರಲ್ಲಿ ಹತ್ತಿಕೊಳ್ಳುತ್ತದೆ. ಮೋರಿ ಕಟ್ಟೆ ಮೇಲೆ ಕುಳಿತುಕೊಳ್ಳಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಹಂಚುವ ಡೆಪಾ ಎಣ್ಣೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ನೋಡಿ, ಕಾಲಿಗೆ ಸವರಿಕೊಳ್ಳಬಹುದು. ಸಂಜೆ ಬಿಸಿನೀರು, ಸೋಪು ಹಾಕಿ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಹತ್ತಿರದ ಊರಿನಲ್ಲಿ ತಿಳಿಸಿ. ಊರಿಗೆ ಹೋದ ಮೇಲೆ ಎರಡು ವಾರದೊಳಗೆ ದಿಢೀರ್ ಜ್ವರ, ತಲೆನೋವು, ಮೈಕೈ ಸೆಳೆತ ಬಂದರೆ ಡಾಕ್ಟರಿಗೆ ಮಲೆನಾಡಿಗೆ ಹೋಗಿದ್ದನ್ನು ಹೇಳಲೇಬೇಕು. ಬೆಂಗಳೂರಿನಲ್ಲಿ ಅವರಿಗೆ ಡೆಂಗಿ ಮೊದಲು ನೆನಪಾಗುತ್ತದೆ.

ಇಂಬಳ ಡಿಸೆಂಬರಿನಲ್ಲಿ ದೊಡ್ಡ ತೊಂದರೆ ಅಲ್ಲ.

ಇನ್ನೊಂದು ಅಡಿಕೆ ಹಾಳೆ. ಬಸರೀಕಟ್ಟೆ ಕಡೆ ತೋಟ ರಸ್ತೆಗೆ ತಾಗಿಕೊಂಡೇ ಇರುತ್ತದೆ, ಉದುರಿದ ಹಾಳೆ ರಸ್ತೆ ಮೇಲೆ ಬಿದ್ದಿರುತ್ತದೆ. ಒಳಮೈ ನುಣುಪು, ಇಬ್ಬನಿ ಬಿದ್ದಾಗ ಅದರ ಮೇಲೆ ಚಕ್ರ ಹತ್ತಿಸಿ ಬ್ರೇಕ್ ಹಿಡಿದರೆ ನೆಲಕ್ಕೆ ಬಿದ್ದ ಹಾಗೆಯೇ. ರಸ್ತೆಯ ಅಂಚಿನಲ್ಲೂ ಮಧ್ಯದಲ್ಲೂ ಪಾಚಿ ಉಳಿದಿರುತ್ತದೆ. ಗಾಡಿ ಚಕ್ರ ಓಡಿ ಉಜ್ಜಿದ ಎರಡು ಪಟ್ಟಿ ಇದೆಯಲ್ಲ, ಅದರ ಮೇಲೇ ಇರಿ.


ಹಬ್_ಬೇರಿಂಗ್

ಇಷ್ಟೊಂದು ವಿವರ ಕೊಟ್ಟಿದ್ದಕ್ಕೆ ಮೂವರಿಗೂ ವಂದನೆ. ದಿಕ್ಕು ತಿರುಗಿಸಿದೆವು, ಕ್ಯಾಸೆಟ್ ಮತ್ತು ಚೈನ್ ಬದಲಿಸಲು ಕೊಟ್ಟಾಯಿತು, ಮಂಗಳವಾರ ಬೆಳಗ್ಗೆ ಶೃಂಗೇರಿಯಿಂದ ಹೊರಡುತ್ತೇವೆ. ಇನ್ನೆರಡು ಪ್ರಶ್ನೆ. ಸೈಕಲ್ಲನ್ನು ಶೃಂಗೇರಿಗೆ ತರುವುದು ರೈಲಿನಲ್ಲೋ ಬಸ್ಸಿನಲ್ಲೋ? ಮೊದಲ ದಿನ ಬೇಗ ಮುಗಿಯಬಹುದು ಅನ್ನಿಸುತ್ತಿದೆ, ಹೊರಡುವ ಮುಂಚೆ ಶೃಂಗೇರಿ ಹತ್ತಿರ ಬೇರೆ ಯಾವುದಾದರೂ ಶಾಂತ ರಸ್ತೆ ಇದೆಯೇ?


ಸಂಸೆ_ಏರು

ಮೊದಲ ದಿನ ಬೇಗ ಮುಗಿಯುವುದಿಲ್ಲ ಸ್ವಾಮಿ, ಬಸರೀಕಟ್ಟೆ ದಾರಿ ಹಿಡಿದರಂತೂ ಇಲ್ಲ. ಅದರ ಜೊತೆ ಇನ್ನೊಂದು ಸೇರಿಸಬೇಡಿ. ಒಂದು ದಿನ ಮುಂಚೆ ಬರಲು ಸಾಧ್ಯವಾದರೆ ಕಿಗ್ಗಕ್ಕೆ ಹೋಗಿ. ಶೃಂಗೇರಿಯಿಂದ 10 ಕಿ.ಮೀ. ಒಳಗೆ, ಋಷ್ಯಶೃಂಗೇಶ್ವರ ದೇವಸ್ಥಾನ ಇರುವ ಊರು. ಅಲ್ಲಿಂದ ಸಿರಿಮನೆ ಅಬ್ಬಿಗೆ ಇನ್ನು ನಾಲ್ಕೈದು ಕಿ.ಮೀ., ಕೊನೆಯ ಭಾಗ ಕಡಿದು. ಅಬ್ಬಿಗೆ ಹೋಗುವ ಗಾಡಿ ಬಿಟ್ಟರೆ ಬೇರೆ ಓಡಾಟ ಕಡಿಮೆ. ಹೊಸ ಕ್ಯಾಸೆಟ್ ಸರಿ ಕೂತಿದೆಯೇ ಎಂದು ನೋಡುವುದಕ್ಕೂ ಆಯಿತು. ಏನಾದರೂ ಸದ್ದು ಮಾಡಿದರೆ ಶೃಂಗೇರಿಯಲ್ಲೇ ಸರಿ ಮಾಡಿಕೊಳ್ಳಬಹುದು, ಕಳಸಕ್ಕೆ ಹೋಗುವ ದಾರಿಯಲ್ಲಿ ಅಲ್ಲ.

ಕಾಫಿ ಹಣ್ಣು ಕುಯ್ಯುವ ಕಾಲ ಅದು, ಅರೇಬಿಕಾ. ಬೆಳಗ್ಗೆ 8ರ ಸುಮಾರಿಗೆ ಆಳುಗಳನ್ನು ತೋಟಕ್ಕೆ ಬಿಡುವ ಪಿಕಪ್ಪು, ಜೀಪು, ಸಂಜೆ 4:30ರಿಂದ ವಾಪಸ್ಸು. ಒಳರಸ್ತೆಯಲ್ಲಿ ಸಿಗುವ ಗದ್ದಲ ಅದೊಂದೇ. ಆ ಎರಡು ಹೊತ್ತು ತಿಂಡಿಗೋ ಚಹಾಕ್ಕೋ ನಿಂತುಬಿಡಿ.


ಕಡ್ಡಿ_ಚಕ್ರ

ಬಸ್ಸೇ ಸರಿ. ರೈಲಿನಲ್ಲಿ ಬಂದರೆ ಶಿವಮೊಗ್ಗದಲ್ಲಿ ಇಳಿಯಬೇಕು, ಅಲ್ಲಿಂದ ತೀರ್ಥಹಳ್ಳಿ, ಕೊಪ್ಪ ಮೇಲೆ ಶೃಂಗೇರಿಗೆ 100 ಕಿ.ಮೀ. ಹೇಗೂ ಬಸ್ಸು ಹತ್ತಲೇಬೇಕು, ಸೈಕಲ್ಲನ್ನು ಎರಡು ಸಲ ಹತ್ತಿಸಿ ಇಳಿಸುವ ಕೆಲಸ. ಬೆಂಗಳೂರಿನಿಂದ ಶೃಂಗೇರಿಗೆ ನೇರ ರಾತ್ರಿ ಬಸ್ಸು ಇದೆ. ಕೆಳಗೆ ಡಿಕ್ಕಿ ಇರುವ ಬಸ್ಸನ್ನೇ ಬುಕ್ ಮಾಡಿ, ಹೊರಡುವ ಮುಕ್ಕಾಲು ಗಂಟೆ ಮುಂಚೆ ನಿಲ್ದಾಣದಲ್ಲಿರಿ, ಕಂಡಕ್ಟರಿಗೆ ಹೇಳಿ ಲಗೇಜ್ ಟಿಕೆಟ್ ತೆಗೆಸಿ. ಡಿಕ್ಕಿ ತುಂಬಿದ ಮೇಲೆ ಹೋದರೆ ಜಾಗ ಇಲ್ಲ ಅನ್ನುತ್ತಾರೆ, ಅದು ನಿಜವೂ ಹೌದು.

ಎರಡೂ ಚಕ್ರ, ಎರಡೂ ಪೆಡಲ್ ಕಳಚಿ. ಎಡ ಪೆಡಲ್ ಉಲ್ಟಾ ತಿರುಪಿನದು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಹಿಂದಿನ ಡಿರೇಲರನ್ನು ಹ್ಯಾಂಗರಿನಿಂದ ಬಿಚ್ಚಿ ಬಟ್ಟೆ ಸುತ್ತಿ ಚೈನ್‌ಸ್ಟೇ (ಹಿಂದಿನ ಚಕ್ರಕ್ಕೆ ಹೋಗುವ ಫ್ರೇಮಿನ ಕೆಳಕೊಳವೆ) ಒಳಗೆ ಕಟ್ಟಿಬಿಡಿ, 5 ಮಿ.ಮೀ. ಅಲೆನ್ ಕೀ ಸಾಕು. ರಾತ್ರಿಯಿಡೀ ಪಕ್ಕದವರ ಅಕ್ಕಿ ಮೂಟೆ ಅದರ ಮೇಲೆ ವಾಲಿಕೊಂಡು ಬಂದರೆ ಹ್ಯಾಂಗರ್ ಬಾಗುತ್ತದೆ, ಬೆಳಗ್ಗೆ ಮೊದಲ ಏರಿನಲ್ಲೇ ದೊಡ್ಡ ಹಲ್ಲಿಗೆ ಹಾಕಿದಾಗ ಡಿರೇಲರ್ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ. ರೋಟರ್ ಬಾಗದಂತೆ ಚಕ್ರದ ಆ ಕಡೆಗೆ ರಟ್ಟು ಕಟ್ಟಿ.

ನಿಮ್ಮ ಟ್ಯೂಬಿನ ವಾಲ್ವ್ ಸಣ್ಣದಾ? ಹಾಗಿದ್ದರೆ ಹಿತ್ತಾಳೆ ಅಡಾಪ್ಟರ್ ಎರಡು ತನ್ನಿ, ತೂಕವೇ ಇಲ್ಲ. ಬಸ್ಸು, ಬೈಕಿಗೆ ಗಾಳಿ ಹಿಡಿಯುವ ಪಂಕ್ಚರ್ ಅಂಗಡಿಯ ಪೈಪು ದಪ್ಪ ವಾಲ್ವಿಗೆ ಮಾತ್ರ ಕೂರುತ್ತದೆ. ಒಬ್ಬೊಬ್ಬರಿಗೆ ಎರಡು ಹೆಚ್ಚುವರಿ ಟ್ಯೂಬು, 32 ಮತ್ತು 28 ಎರಡಕ್ಕೂ ಆಗುವ 700x28–32 ಅಳತೆಯದನ್ನೇ ಕೊಂಡರೆ ಅದಲುಬದಲು ಮಾಡಿಕೊಳ್ಳಬಹುದು. ಪ್ಯಾಚ್ ಹಾಕುವ ಕೆಲಸ ರಾತ್ರಿ ಕೋಣೆಯಲ್ಲಿ ಇಟ್ಟುಕೊಳ್ಳಿ, ಇಬ್ಬನಿಯಲ್ಲಿ ಟ್ಯೂಬು ಒಣಗದು, ಅಂಟು ಹಿಡಿಯದು.